ಮನೆಯಲ್ಲಿ ಕಟ್ಟಿದ ರೇಸ್ ಬೈಕ್: ಮುಂದಿನ ಗಾಲಿ 11 ಮಿ.ಮೀ. ಎಡಕ್ಕೆ ಹೋಗಿದೆ. ಕತ್ತರಿಸಲಾ, ಹೊಂದಿಸಲಾ?

ಗೋಕುಲ ರೋಡ್ ಶೆಡ್:
ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿಯವನು. ಮನೆ ಹಿತ್ತಲಲ್ಲಿ ಹತ್ತಕ್ಕೆ ಹದಿನಾಲ್ಕು ಅಡಿಯ ಪತ್ರಾಸ್ ಶೆಡ್ ಇದೆ. ಒಂದು ವರ್ಷದಿಂದ ಭಾನುವಾರ ಭಾನುವಾರ ಅದರಲ್ಲಿ ಕೂತು ಒಂದು ಸಣ್ಣ ರೇಸ್ ಬೈಕ್ ಕಟ್ಟುತ್ತಿದ್ದೇನೆ. ರೋಡಿಗಲ್ಲ, ಟ್ರ್ಯಾಕಿಗೆ ಮಾತ್ರ. ಎಂಜಿನ್ ಹಳೆಯ ಯಮಹಾ ಆರ್‌ಎಕ್ಸ್ 100ರದ್ದು. ಬೈಯಬೇಡಿ, ಒಳ್ಳೆಯ ಗಾಡಿ ಕೊಯ್ದಿಲ್ಲ, ಗುಜರಿಯಲ್ಲಿ ಬರೀ ಎಂಜಿನ್ ಸಿಕ್ಕಿದ್ದು. ಫೋರ್ಕು, 17 ಇಂಚಿನ ಎರಡು ಅಲಾಯ್ ಗಾಲಿ, 240 ಮಿ.ಮೀ. ಡಿಸ್ಕು, ಚಿಮಟಾ (ಹಿಂದಿನ ಗಾಲಿ ಹಿಡಿಯುವ ತೋಳು) ಎಲ್ಲ ಒಂದು ಹಳೆಯ ಪಲ್ಸರ್ 150ರಿಂದ ಬಂದವು. ಫ್ರೇಮ್ ಮಾತ್ರ ನನ್ನದೇ. ಒಂದಿಂಚಿನ ಇಆರ್‌ಡಬ್ಲ್ಯೂ ಪೈಪು (ತಗಡು ಸುತ್ತಿ ಬೆಸೆದ ಸಾದಾ ಸ್ಟೀಲ್), 2 ಮಿ.ಮೀ. ದಪ್ಪ, ಒಟ್ಟು 8 ಮೀಟರ್ ಹೋಗಿದೆ. ಮರಳು ತುಂಬಿ, ಬಿಸಿ ಮಾಡಿ, ನಾನೇ ಬಗ್ಗಿಸಿದ್ದು.

ಈಗ ಗೋಳು ಏನಂದರೆ, ಹೋದ ವಾರ ಪೂರ್ತಿ ವೆಲ್ಡಿಂಗ್ ಮುಗಿಸಿ ಖುಷಿಯಿಂದ ಗಾಲಿ ಹಾಕಿದೆ. ಹಿಂದಿನ ಗಾಲಿಗೆ ದಾರ ತಾಗಿಸಿ ಮುಂದಕ್ಕೆ ಎಳೆದು ನೋಡಿದರೆ ಮುಂದಿನ ಗಾಲಿ 11 ಮಿ.ಮೀ. ಎಡಕ್ಕಿದೆ. ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ಚೈನ್ ಲೈನ್ ಮಾತ್ರ ಸರಿ ಇದೆ. ಒಬ್ಬ ದೋಸ್ತ ಮುಂದಿನ ಆಕ್ಸಲ್‌ಗೆ ಸ್ಪೇಸರ್ ಬಳೆ ಹಾಕಿ ಬಲಕ್ಕೆ ದೂಡು ಅನ್ನುತ್ತಾನೆ, ಇನ್ನೊಬ್ಬ ಕತ್ತರಿಸು ಅನ್ನುತ್ತಾನೆ. ಎಂಟು ತಿಂಗಳು ಫ್ರೇಮಿಗೇ ಹೋಗಿದೆ. ಗ್ರೈಂಡರ್ ಹಿಡಿಯಲು ಕೈ ಬರುತ್ತಿಲ್ಲ. ಏನು ಮಾಡಲಿ?

ಟೂ ಸ್ಟ್ರೋಕ್ ಹುಚ್ಚ:
ಸೈಲೆನ್ಸರ್ ಯಾವುದು? ಫೋಟೋ ಹಾಕಿ ಮೊದಲು.

ಬಂಕಾಪುರ ಚೌಕ ಮೆಕ್ಯಾನಿಕ್:
ಸ್ಪೇಸರ್ ಹಾಕಿ ಓಡಿಸಿ ಸಾಹೇಬ್ರೇ. ಆಕ್ಸಿಡೆಂಟ್ ಆದ ಗಾಡಿಗಳು ಇದಕ್ಕಿಂತ ಸೊಟ್ಟ ಓಡಾಡುತ್ತವೆ, ಓನರಿಗೆ ಗೊತ್ತೂ ಆಗಿರುವುದಿಲ್ಲ.

ಲೇಥ್ ಕಾಕಾ:
ಅವು ನಲವತ್ತರಲ್ಲಿ ಓಡುತ್ತವೆ. ಇದು ರೇಸ್ ಬೈಕ್ ಅಂತ ಹೇಳಿದ್ದಾನೆ ಹುಡುಗ. ಮತ್ತೆ ಮುಂದಿನ ಗಾಲಿ 11 ಮಿ.ಮೀ. ದೂಡಿದರೆ ಡಿಸ್ಕೂ ಅದರ ಜೊತೆಗೇ ಹೋಗುತ್ತದೆ, ಡಿಸ್ಕ್ ಹಿಡಿಯುವ ಕ್ಯಾಲಿಪರ್ ಎಲ್ಲಿ ಕೂಡಿಸುತ್ತೀರಿ?

ತಮ್ಮಾ, 11 ಅಂದರೆ ಎಲ್ಲಿ 11? ಆಕ್ಸಲ್ ಹತ್ತಿರವಾ, ಹ್ಯಾಂಡಲ್ ಹತ್ತಿರವಾ? ಎರಡೂ ಕಡೆ ಒಂದೇ ಇದ್ದರೆ ನಿನ್ನ ಹೆಡ್ ಪೈಪ್ (ಹ್ಯಾಂಡಲ್ ತಿರುಗುವ ಪೈಪ್) ನೆಟ್ಟಗಿದೆ, ಸುಮ್ನೆ ಪಕ್ಕಕ್ಕೆ ಸರಿದಿದೆ. ಕೆಳಗೆ ಜಾಸ್ತಿ, ಮೇಲೆ ಕಡಿಮೆ ಇದ್ದರೆ ಹೆಡ್ ಪೈಪ್ ವಾಲಿದೆ. ರೋಗ ಬೇರೆ ಬೇರೆ, ಔಷಧಿನೂ ಬೇರೆ.

ಹೀಗೆ ಮಾಡು. ಎರಡೂ ಗಾಲಿ ಬಿಚ್ಚು. ಚಿಮಟಾ ಕೂಡುವ ತೂತಿಗೆ ಒಂದು ನೆಟ್ಟನೆ ರಾಡ್ ತೂರಿಸು, ಎರಡೂ ಬದಿ ಒಂದೊಂದು ಅಡಿ ಹೊರಗಿರಲಿ. ಆ ರಾಡ್ ಲೆವಲ್ ಬರುವ ಹಾಗೆ ಫ್ರೇಮ್ ನಿಲ್ಲಿಸು. ಆಮೇಲೆ ಕೋನ್‌ಸೆಟ್ ಕೂಡುವ ಹೆಡ್ ಪೈಪಿನಲ್ಲಿ ಇನ್ನೊಂದು ರಾಡ್, ಎರಡೂ ತುದಿಗೆ ಬುಷ್ ಹಾಕಿ ಅಲುಗಾಡದ ಹಾಗೆ. ಬುಷ್ ಬೇಕಾದರೆ ಬಾ, ತಿರುಗಿಸಿ ಕೊಡುತ್ತೇನೆ, ಹತ್ತು ನಿಮಿಷದ ಕೆಲಸ. ಮುಂದೆ ನಿಂತು ಗೌಂಡಿಯ ತೂಕದ ಗುಂಡು ಇಳಿಬಿಟ್ಟು ನೋಡು. ದಾರ ಮತ್ತು ರಾಡ್ ಒಂದೇ ಗೆರೆಯಲ್ಲಿ ಕಾಣಬೇಕು. ಒಂದೇ ಒಂದು ಡಿಗ್ರಿ ವಾಲಿದ್ದರೂ 600 ಮಿ.ಮೀ. ಕೆಳಗೆ ಹತ್ತೂವರೆ ಮಿ.ಮೀ. ಸರಿಯುತ್ತದೆ. ನಿನ್ನ 11 ಅದೇ ಇರಬೇಕು ಅಂತ ನನ್ನ ಗುಮಾನಿ.

ಮೆಕ್ ಫೈನಲ್ ಇಯರ್:
ಸರ್, ನೀವು ಮೊದಲು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ಅನಾಲಿಸಿಸ್ ಮಾಡಿದ್ದರೆ ಈ ಪ್ರಾಬ್ಲಂ ಬರುತ್ತಿರಲಿಲ್ಲ. ನಮ್ಮ ಕಾಲೇಜಿನ ಬಾಜಾ (ಹುಡುಗರೇ ಗಾಡಿ ಕಟ್ಟುವ ಸ್ಪರ್ಧೆ) ಟೀಮಿನಲ್ಲಿ ರೋಲ್ ಕೇಜ್ (ಡ್ರೈವರ್ ಸುತ್ತಲಿನ ಪೈಪಿನ ಗೂಡು) ಪೂರ್ತಿ ಹಾಗೇ ಮಾಡಿದ್ದು.

ಲೇಥ್ ಕಾಕಾ:
ಕಂಪ್ಯೂಟರಿನಲ್ಲಿ ಪೈಪ್ ಸೊಟ್ಟ ಆಗುವುದಿಲ್ಲ ತಮ್ಮಾ. ಬೆಸುಗೆ ಬಿದ್ದ ಮೇಲೆ ಆಗುತ್ತದೆ.

ಮೆಕ್ ಫೈನಲ್ ಇಯರ್:
ಅದೂ ಹೌದು ಕಾಕಾ. ನಮ್ಮದೂ ಒಂದು ಕಡೆ ಸೊಟ್ಟ ಆಗಿತ್ತು. ಬಣ್ಣ ಹೊಡೆದ ಮೇಲೆ ಯಾರೂ ಕೇಳಲಿಲ್ಲ.

ಆರ್ಗಾನ್ ಬಸ್ಯಾ:
ಬೆಸುಗೆ ಎಡಗಡೆ ಮೊದಲು ಹಾಕಿದ್ದೀರಿ. ನೋಡದೆ ಹೇಳುತ್ತಿದ್ದೇನೆ. ಬಲಗೈಯವರು ಎಲ್ಲರೂ ಹಾಗೇ, ಕೈ ಸಲೀಸಾಗಿ ಹೋಗುವ ಕಡೆ ಮೊದಲು ಪೂರ್ತಿ ಎಳೆದುಬಿಡುತ್ತಾರೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಆಮೇಲೆ ಬಲಗಡೆ ಎಷ್ಟು ಹಾಕಿದರೂ ಪೂರ್ತಿ ವಾಪಸ್ ಬರುವುದಿಲ್ಲ, ಯಾಕಂದರೆ ಅಷ್ಟೊತ್ತಿಗೆ ಎಡಗಡೆ ಆರಿ ಗಟ್ಟಿಯಾಗಿರುತ್ತದೆ.

ಸರಿಯಾದ ಕ್ರಮ ಅಂದರೆ ಇಡೀ ಫ್ರೇಮ್ ಮೊದಲು ಬರೀ ಟ್ಯಾಕ್‌ನಲ್ಲಿ ನಿಲ್ಲಬೇಕು. ಒಂದೊಂದು ಜಾಯಿಂಟಿಗೆ ನಾಲ್ಕು ಟ್ಯಾಕ್ (ಚುಕ್ಕೆ ಬೆಸುಗೆ). ಅಳತೆ ನೋಡಬೇಕು. ಆಮೇಲೆ ಒಂದಿಂಚು ಎಡಕ್ಕೆ, ಒಂದಿಂಚು ಬಲಕ್ಕೆ, ಬೇರೆ ಜಾಯಿಂಟಿಗೆ ಹೋಗಿ ಅಲ್ಲಿ ಒಂದಿಂಚು, ತಿರುಗಿ ಬಂದು ಇಲ್ಲಿ ಒಂದಿಂಚು. ಹೆಡ್ ಪೈಪ್ ಕೊನೆಗೆ. ಫ್ರೇಮ್ ಅಲುಗದ ಹಾಗೆ ಕಟ್ಟಿದ ಜಿಗ್‌ನಿಂದ ಬಿಸಿ ಇರುವಾಗ ತೆಗೆಯಬಾರದು. ಚಹಾ ಕುಡಿದು ಬರಬೇಕು, ಒಂದಲ್ಲ, ಎರಡು.

ಯಾವ ವೆಲ್ಡಿಂಗ್ ಹಾಕಿದ್ದು ಅಂತಲೂ ಹೇಳಿ. ಆರ್ಗಾನಾ, ಸಿಓಟುನಾ?

ಗೋಕುಲ ರೋಡ್ ಶೆಡ್:
ಬಸ್ಯಾ ಅವರೇ, ಎಡಗಡೆಯೇ ಮೊದಲು ಹಾಕಿದ್ದು. ನಾಚಿಕೆ ಆಗುತ್ತಿದೆ. ಸಾದಾ ಆರ್ಕ್ ವೆಲ್ಡಿಂಗ್, ಸಣ್ಣ ಇನ್ವರ್ಟರ್ ಮಷೀನ್, ರಾಡ್ ಎರಡೂವರೆ ಮಿ.ಮೀ.ದು.

ಲೈನ್ ಬಜಾರ್:
ಅಣ್ಣಾ, ಆ ಇಆರ್‌ಡಬ್ಲ್ಯೂ ಪೈಪಿನಲ್ಲಿ ಕುರ್ಚಿ ಮಾಡುತ್ತಾರೆ. ರೇಸ್ ಫ್ರೇಮಿಗೆ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಸ್ಟೀಲ್) ಬೇಕು. ಇದು ಎರಡನೇ ತಿರುವಿನಲ್ಲಿ ಮುರಿಯುತ್ತದೆ.

ಆರ್ಗಾನ್ ಬಸ್ಯಾ:
ಕ್ರೋಮೋಲಿ ತಂದು ಆರ್ಕ್ ರಾಡಿನಲ್ಲಿ ಸುಟ್ಟರೆ ಅದು ಇನ್ನೂ ಬೇಗ ಸೀಳುತ್ತದೆ. ಜಾಯಿಂಟಿನ ಪಕ್ಕ ಬಿರುಸಾಗಿಬಿಡುತ್ತದೆ. ಸಾದಾ ಪೈಪ್, ಒಳ್ಳೆಯ ಬೆಸುಗೆ, ಅದು ಸಾಕು. ಬೆಸುಗೆಯನ್ನು ಗ್ರೈಂಡರಿನಲ್ಲಿ ಉಜ್ಜಿ ನುಣ್ಣಗೆ ಮಾತ್ರ ಮಾಡಬೇಡಿ. ಚಂದ ಕಾಣುತ್ತದೆ, ಗಟ್ಟಿತನ ಹೋಗಿರುತ್ತದೆ.

ಮೆಕ್ ಫೈನಲ್ ಇಯರ್:
ಲೆಕ್ಕ ನಾನು ಹಾಕುತ್ತೇನೆ, ಇದಾದರೂ ನನಗೆ ಬರುತ್ತದೆ. ಒಂದಿಂಚಿನ 2 ಮಿ.ಮೀ. ಪೈಪ್ ಮೀಟರಿಗೆ 1.15 ಕೆಜಿ. 8 ಮೀಟರಿಗೆ 9.2 ಕೆಜಿ. ಅದನ್ನೇ 1.6 ಮಿ.ಮೀ. ಮಾಡಿದ್ದರೆ ಒಂದೂಮುಕ್ಕಾಲು ಕೆಜಿ ಉಳಿಯುತ್ತಿತ್ತು. ಆದರೆ ದಪ್ಪಕ್ಕಿಂತ ಪೈಪಿನ ಅಗಲ ಮುಖ್ಯ. ಒಂದಿಂಚಿನ ಬದಲು ಒಂದೂಕಾಲು ಇಂಚು ಹಾಕಿದರೆ ಅದೇ 2 ಮಿ.ಮೀ. ದಪ್ಪದಲ್ಲಿ ಬಾಗುವ ಬಿಗಿತ ಎರಡು ಪಟ್ಟಾಗುತ್ತದೆ, ತೂಕ ಕಾಲು ಭಾಗ ಚಿಲ್ಲರೆ ಮಾತ್ರ ಜಾಸ್ತಿ. ಹೆಡ್ ಪೈಪಿನಿಂದ ಚಿಮಟಾದವರೆಗಿನ ಮುಖ್ಯ ಪೈಪ್ ಎರಡನ್ನಾದರೂ ಒಂದೂಕಾಲು ಇಂಚಿನದು ಹಾಕಬಹುದಿತ್ತು.

ಬಂಕಾಪುರ ಚೌಕ ಮೆಕ್ಯಾನಿಕ್:
ಒಂದೂಮುಕ್ಕಾಲು ಕೆಜಿ ಉಳಿಸಬೇಕು ಅಂದರೆ ಓಡಿಸುವವರು ಒಂದು ತಿಂಗಳು ಸಂಜೆಯ ಗಿರ್ಮಿಟ್ ಮಿರ್ಚಿ ಬಿಟ್ಟರೆ ಆಯ್ತು.

ಗೋಕುಲ ರೋಡ್ ಶೆಡ್:
ಅದು ಆಗದ ಮಾತು.

ಬ್ಯಾಡಗಿ ಮೆಣಸಿನಕಾಯಿ:
ಪೈಪ್ ಮಾತು ಬಂತು ಅಂತ ಹೇಳುತ್ತೇನೆ. ಯಾರೂ ಜಿಐ ಪೈಪ್ ತಂದು ವೆಲ್ಡ್ ಮಾಡಬೇಡಿ. ಹಿಂದೆ ಒಂದು ಗಾಡಿಗೆ ಸಬ್ ಫ್ರೇಮ್ ಮಾಡಲು ಹಳೆಯ ನೀರಿನ ಪೈಪ್ ಬಳಸಿದ್ದೆ, ಬಾಗಿಲು ಹಾಕಿಕೊಂಡು ಮಧ್ಯಾಹ್ನವೆಲ್ಲ ಬೆಸುಗೆ ಹಾಕಿದೆ, ರಾತ್ರಿ ಹತ್ತಕ್ಕೆ ಗಡಗಡ ನಡುಗುವ ಜ್ವರ. ಮನೆಯಲ್ಲಿ ಮಲೇರಿಯಾ ಅಂದುಕೊಂಡರು. ಮಾರನೇ ದಿನ ಸಂಜೆಗೆ ಏನೂ ಆಗಿಲ್ಲ ಎನ್ನುವ ಹಾಗೆ ಇಳಿಯಿತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಏನಾದರೂ ಬೆಸುಗೆ ಕೆಲಸ ಮಾಡಿದ್ರಾ?" ಅಂತ. ಪೈಪಿನ ಮೇಲಿನ ಸತುವಿನ ಹೊಗೆ ಅದು.

ಕಲಂ ಬಲ್ಲವ:
ಎಲ್ಲರೂ ಚೈನು ಪೈಪು ಅಂತ ಮಾತಾಡುತ್ತಿದ್ದೀರಿ, ಕಾನೂನು ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಬಂತು, ಆರು ತಿಂಗಳವರೆಗೆ ಜೈಲೂ ಆಗಬಹುದು. ಇವರದು ರಿಜಿಸ್ಟ್ರೇಷನ್ನೇ ಇಲ್ಲದ ಗಾಡಿ. ಸಾರ್ವಜನಿಕ ರಸ್ತೆಗೆ ಒಂದು ಗಾಲಿ ಕೂಡ ಇಳಿಸುವ ಹಾಗಿಲ್ಲ. ರಸ್ತೆಯಲ್ಲಿ ರೇಸ್ ಆಡಿದರೆ 189ನೇ ಕಲಂ ಬೇರೆ.

ಗುಜರಿಯಿಂದ ಎಂಜಿನ್ ತಂದಾಗ ರಸೀದಿ ತೆಗೆದುಕೊಂಡಿರಾ? ಎಂಜಿನ್ ನಂಬರ್ ಕಳುವಿನ ಗಾಡಿಯದಾದರೆ ಶೆಡ್ಡಿಗೇ ಬರುತ್ತಾರೆ.

ಗೋಕುಲ ರೋಡ್ ಶೆಡ್:
ರಸೀದಿ ಇದೆ, ಎಂಜಿನ್ ನಂಬರ್ ಬರೆಸಿಕೊಂಡಿದ್ದೇನೆ. ಹೆಡ್‌ಲೈಟೂ ಇಲ್ಲ, ಹಾರ್ನೂ ಇಲ್ಲ, ನಂಬರ್ ಪ್ಲೇಟಿಗೆ ಜಾಗವೂ ಇಲ್ಲ. ರೋಡಿನ ಆಸೆ ಇಟ್ಟುಕೊಂಡಿಲ್ಲ.

ಉಣಕಲ್ ಕೆರೆ ದಂಡೆ:
ಬೈಪಾಸಿನಲ್ಲಿ ಬೆಳಗಿನ ಜಾವ ಒಂದು ರೌಂಡ್ ಹೊಡೆದರೆ ಯಾರು ನೋಡುತ್ತಾರೆ?

ಲೇಥ್ ಕಾಕಾ:
ಲಾರಿ ಡ್ರೈವರ್ ನೋಡುವುದಿಲ್ಲ. ಅದೇ ತೊಂದರೆ. ಆ ಮಾತು ಇಲ್ಲಿ ಬೇಡ.

ಟೂ ಸ್ಟ್ರೋಕ್ ಹುಚ್ಚ:
ಸರಿ, ಈಗಲಾದರೂ ಸೈಲೆನ್ಸರ್ ಬಗ್ಗೆ ಮಾತಾಡೋಣವಾ? ಟೂ ಸ್ಟ್ರೋಕಿನಲ್ಲಿ ಅರ್ಧ ಎಂಜಿನ್ ಅದೇ. ಕಂಪನಿ ಸೈಲೆನ್ಸರ್ ಹಾಕಿ ರೇಸ್ ಬೈಕ್ ಅನ್ನಬೇಡಿ. ಆರ್‌ಎಕ್ಸ್ 100 ಮೂಲದಲ್ಲಿ 98 ಸಿಸಿ, ಬೋರು 50, ಸ್ಟ್ರೋಕು 50, 7500 ಸುತ್ತಿಗೆ 11 ಅಶ್ವಶಕ್ತಿ. ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿದ, ಎರಡು ಕೋನ್ ಇರುವ ರೇಸ್ ಸೈಲೆನ್ಸರ್) ಕೂಡಿಸಿದರೆ ಬೇರೆಯೇ ಗಾಡಿ.

ಉದ್ದದ ಲೆಕ್ಕ ಸುಲಭ. ಎಕ್ಸಾಸ್ಟ್ ಪೋರ್ಟ್ (ಸಿಲಿಂಡರಿನಿಂದ ಹೊಗೆ ಹೋಗುವ ಕಿಂಡಿ) ಎಷ್ಟು ಡಿಗ್ರಿ ತೆರೆದಿರುತ್ತದೋ ಅದನ್ನು 42545ರಿಂದ ಗುಣಿಸಿ, ಬೇಕಾದ ಆರ್‌ಪಿಎಂನಿಂದ ಭಾಗಿಸಿ. 180 ಡಿಗ್ರಿ, 9000 ಆರ್‌ಪಿಎಂ ಅಂದರೆ 851 ಮಿ.ಮೀ. ಪಿಸ್ಟನ್ ಮುಖದಿಂದ ಹಿಂದಿನ ಕೋನಿನ ನಡುವಿನವರೆಗೆ ಅಷ್ಟು ಉದ್ದ. ಇದರ ಹಿಂದೆ ಮಂತ್ರ ಏನಿಲ್ಲ. ಬಿಸಿ ಹೊಗೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ, ಹಿಂದಿನ ಕೋನಿಗೆ ಬಡಿದು ವಾಪಸ್ ಬರುತ್ತದೆ, ಪೋರ್ಟ್ ಮುಚ್ಚುವ ಮೊದಲು ಬಂದು ಹೊರಗೆ ಓಡಿಹೋಗುತ್ತಿದ್ದ ಹಸಿ ಪೆಟ್ರೋಲನ್ನು ಒಳಗೆ ತಳ್ಳುತ್ತದೆ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಎಲ್ಲರನ್ನೂ ಒಳಗೆ ದೂಡಿ ಬಾಗಿಲು ಹಾಕುತ್ತಾನಲ್ಲ, ಹಾಗೆ.

ಲೈನ್ ಬಜಾರ್:
ಇದನ್ನು ಯಮಹಾದವರು ಕಂಡುಹಿಡಿದದ್ದು ಅಲ್ವಾ?

ಟೂ ಸ್ಟ್ರೋಕ್ ಹುಚ್ಚ:
ಅಲ್ಲ ಮಾರಾಯರೇ! ಅದನ್ನು ಪಳಗಿಸಿದವರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎಂಝಡ್ ಅನ್ನುವ ಕಾರ್ಖಾನೆ, ದುಡ್ಡಿಲ್ಲ, ಒಳ್ಳೆಯ ಲೋಹ ಇಲ್ಲ. ಆದರೂ 1961ರ ಹೊತ್ತಿಗೆ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದಿದ್ದರು, ಅಂದರೆ ಲೀಟರಿಗೆ 200. ಅದೇ ವರ್ಷ ಸ್ವೀಡನ್ ರೇಸಿನ ಹೊತ್ತಲ್ಲಿ ಅವರ ರೈಡರ್ ಎರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋದ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಿದರು. ತಲೆಯಲ್ಲಿದ್ದ ವಿದ್ಯೆ ಸೀದಾ ಸುಜುಕಿಗೆ ಹೋಯಿತು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಶುರುವಾಯಿತು, ಮೊದಲ ವರ್ಷವೇ ಡೆಗ್ನರ್ ಸುಜುಕಿ ಮೇಲೆ ಗೆದ್ದ. ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಇವತ್ತಿಗೂ ಅವನ ಹೆಸರಿನ ತಿರುವು ಇದೆ.

ಮೆಕ್ ಫೈನಲ್ ಇಯರ್:
50 ಸಿಸಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಾ? ನಮ್ಮ ಅಜ್ಜನ ಲೂನಾ ಅಷ್ಟೇ ಸಿಸಿ.

ಟೂ ಸ್ಟ್ರೋಕ್ ಹುಚ್ಚ:
1983ರವರೆಗೂ ಇತ್ತು. 1967ರಲ್ಲಿ ಸುಜುಕಿ ಮಾಡಿದ 50 ಸಿಸಿ ಗಾಡಿಗೆ ಎರಡು ಸಿಲಿಂಡರ್, 14 ಗೇರ್! ಅಜ್ಜನ ಲೂನಾಗೆ ಎಷ್ಟು ಗೇರ್ ಇತ್ತು ಕೇಳಿ.

ಕಲಂ ಬಲ್ಲವ:
ವಿಷಯಕ್ಕೆ ಬನ್ನಿ.

ಹಳೇ ರೋಡ್‌ಕಿಂಗ್:
ವಿಷಯ ಬಿಟ್ಟು ಒಂದೇ ಮಾತು. ಮೈಸೂರಿನ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ತಯಾರಿ ನಿಂತದ್ದೂ 1996. ಆ ವರ್ಷ ಕೆಟ್ಟದ್ದು.

ಗೋಕುಲ ರೋಡ್ ಶೆಡ್:
ಕಾಕಾ ಹೇಳಿದ ಹಾಗೆ ರಾಡ್ ಹಾಕಿ ನೋಡಿದೆ. (ಬುಷ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ ಕಾಕಾ, ಇಲ್ಲಿಯೇ ಧನ್ಯವಾದ ಹೇಳುತ್ತೇನೆ.) ಹೆಡ್ ಪೈಪ್ ವಾಲಿದೆ. ಮೇಲಿನ ತುದಿಯಲ್ಲಿ ಏನೂ ಇಲ್ಲ, ಕೆಳಗೆ ಬರುತ್ತಾ ಎಡಕ್ಕೆ ಹೋಗುತ್ತದೆ. ಲೆಕ್ಕ ಹಾಕಿದರೆ ಒಂದು ಡಿಗ್ರಿ. ಸ್ಪೇಸರ್ ಮಾತು ಮುಗಿಯಿತು.

ಆದರೆ ಇನ್ನೊಂದು ವಿಚಿತ್ರ. ಟ್ಯಾಕ್ ಹಾಕಿದಾಗಲೇ ನಾನು ಅಳತೆ ಬರೆದಿಟ್ಟಿದ್ದೆ, ಆಗ ಎಲ್ಲ ಸರಿ ಇತ್ತು. ವೆಲ್ಡಿಂಗ್ ಆದ ಮೇಲೆ ಅದೇ ಜಾಗದಲ್ಲಿ ಅಳೆದರೆ ಬರೀ 5 ಮಿ.ಮೀ. ಬದಲಾವಣೆ ತೋರಿಸುತ್ತದೆ. ಹಾಗಾದರೆ ಉಳಿದ 6 ಎಲ್ಲಿಂದ ಬಂತು?

ಆರ್ಗಾನ್ ಬಸ್ಯಾ:
5 ಮಿ.ಮೀ. ಬೆಸುಗೆಯದು, ಒಪ್ಪಿದೆ. ಉಳಿದ 6 ನನ್ನದಲ್ಲ.

ಲೇಥ್ ಕಾಕಾ:
ಯಾವುದರ ಮೇಲೆ ಇಟ್ಟು ಅಳೆದೆ ತಮ್ಮಾ?

ಗೋಕುಲ ರೋಡ್ ಶೆಡ್:
ಶೆಡ್ಡಿನ ನೆಲದ ಮೇಲೆ ಕಾಕಾ. ಶಹಾಬಾದ್ ಫರಸಿ. ನುಣ್ಣಗೆ ಇದೆ.

ಲೇಥ್ ಕಾಕಾ:
😂

ಬಂಕಾಪುರ ಚೌಕ ಮೆಕ್ಯಾನಿಕ್:
ನುಣ್ಣಗಿರುವುದು ಬೇರೆ, ಸಮ ಇರುವುದು ಬೇರೆ. ನಿಮ್ಮ ಏರಿಯಾ ಎಲ್ಲ ಎರೆ ಮಣ್ಣು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಫರಸಿ ಸುಮ್ನೆ ಕೂತಿರುತ್ತದಾ?

ಲೇಥ್ ಕಾಕಾ:
ನೀರಿನ ಪೈಪ್ ಲೆವಲ್ ಹಿಡಿದು ನೋಡು. ಎರಡು ಕಲ್ಲಿನ ನಡುವೆ ಎಷ್ಟು ಏರಿಳಿತ ಇದೆ ಅಂತ. ಇಡೀ ನೆಲ ಒಂದೇ ಸಮ ಇಳಿಜಾರು ಇದ್ದರೆ ತೊಂದರೆ ಇಲ್ಲ, ಒಂದು ಕಲ್ಲು ಕುಸಿದಿದ್ದರೆ ನಿನ್ನ ಅಳತೆಯೆಲ್ಲ ಆ ಕಲ್ಲಿನ ಜೊತೆಗೇ ಕುಸಿದಿದೆ. ಸೊಟ್ಟ ನೆಲದ ಮೇಲೆ ಎಷ್ಟು ಸಲ ಅಳೆದರೂ ಅದೇ ಅಳತೆ ಬರುತ್ತದೆ, ಅದಕ್ಕೇ ಮನುಷ್ಯ ಮೋಸ ಹೋಗುತ್ತಾನೆ.

ಗೋಕುಲ ರೋಡ್ ಶೆಡ್:
ನೋಡಿದೆ. ಚಿಮಟಾ ಪಿವಟ್ಟಿಗೆ ಎಡಗಡೆ ಕೊಟ್ಟ ಆಧಾರ ನಿಂತ ಕಲ್ಲು 4 ಮಿ.ಮೀ. ಕೆಳಗಿದೆ. ಆಧಾರಗಳ ನಡುವೆ ಸುಮಾರು 400 ಮಿ.ಮೀ. ಅಂತರ.

ಮೆಕ್ ಫೈನಲ್ ಇಯರ್:
400ಕ್ಕೆ 4 ಅಂದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ. 600 ಮಿ.ಮೀ. ಕೆಳಗೆ ಸರಿಯಾಗಿ 6 ಮಿ.ಮೀ. ನಿಮ್ಮ 6 ಸಿಕ್ಕಿತು ಸರ್!

ಆರ್ಗಾನ್ ಬಸ್ಯಾ:
ನಾನು ಹೇಳಲಿಲ್ಲವಾ ನನ್ನದಲ್ಲ ಅಂತ.

ಉಣಕಲ್ ಕೆರೆ ದಂಡೆ:
ಇಷ್ಟೆಲ್ಲ ರಾಮಾಯಣಕ್ಕಿಂತ ಒಂದು ಹಳೆಯ ಯಮಹಾ ಆರ್15 ತಂದು ಲೈಟ್ ಬಿಚ್ಚಿ ಟ್ರ್ಯಾಕಿಗೆ ಹೋಗಬಹುದಲ್ವಾ? 2008ರಿಂದ ಸಿಗುತ್ತದೆ, ಡೆಲ್ಟಾಬಾಕ್ಸ್ ಫ್ರೇಮ್, ಲಿಕ್ವಿಡ್ ಕೂಲ್ಡ್. ನೀವು ಹತ್ತು ವರ್ಷ ಕೂತರೂ ಅಂಥ ಫ್ರೇಮ್ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳಿದೆ.

ಗೋಕುಲ ರೋಡ್ ಶೆಡ್:
ಬೇಜಾರಿಲ್ಲ. ಬೇಗ ಓಡಬೇಕು ಅಂತಿದ್ದರೆ ಅದನ್ನೇ ಮಾಡುತ್ತಿದ್ದೆ. ನನಗೆ ಕಟ್ಟಬೇಕಿತ್ತು.

ಹಳೇ ರೋಡ್‌ಕಿಂಗ್:
ನ್ಯೂಜಿಲೆಂಡಿನಲ್ಲಿ ಬರ್ಟ್ ಮನ್ರೋ ಅಂತ ಒಬ್ಬ ಅಜ್ಜ ಇದ್ದ. 1920ರ ಇಂಡಿಯನ್ ಸ್ಕೌಟ್ ಗಾಡಿಯನ್ನು ಶೆಡ್ಡಿನಲ್ಲಿ ಕೂತು ದಶಕಗಟ್ಟಲೆ ತಿದ್ದಿದ. ಪಿಸ್ಟನ್ನೂ ತಾನೇ ಎರಕ ಹೊಯ್ಯುತ್ತಿದ್ದ, ಹಳೆಯ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಉಪ್ಪಿನ ಬಯಲಿನಲ್ಲಿ ಗಂಟೆಗೆ 295 ಕಿ.ಮೀ.ಗೂ ಜಾಸ್ತಿ ಓಡಿಸಿ ದಾಖಲೆ ಮಾಡಿದ. ಅವನಿಗೂ ಯಾರೋ ಹೊಸ ಗಾಡಿ ತಗೋ ಅಂತ ಹೇಳಿರುತ್ತಾರೆ.

ಬೆಟಗೇರಿ ಪ್ರೆಸ್ಸು:
ಸುಮ್ನೆ ಓದುತ್ತಿದ್ದೆ, ಈಗ ಬಾಯಿ ಬಿಡುತ್ತೇನೆ. ನಾವು ಗದಗ ಬೆಟಗೇರಿಯವರು. ಅಪ್ಪನದು ಮೊಳೆ ಜೋಡಿಸುವ ಕಾಲದ ಪ್ರಿಂಟಿಂಗ್ ಪ್ರೆಸ್ಸು, ಈಗ ಮುಚ್ಚಿದೆ. ಮಷೀನ್‌ಗಳು ಗುಜರಿಗೆ ಹೋದವು. ಆದರೆ ಜೋಡಿಸಿದ ಪುಟಗಳನ್ನು ಚೌಕಟ್ಟಿಗೆ ಬಿಗಿಯುವ ಕಬ್ಬಿಣದ ಮೇಜು ಇನ್ನೂ ಇದೆ. ಅಪ್ಪ ಕೊಡಲು ಬಿಡಲಿಲ್ಲ. ಅದರ ಮೈ ಸಮ ಇಲ್ಲದಿದ್ದರೆ ಅಚ್ಚು ಒಂದು ಕಡೆ ಕಪ್ಪಗೆ ಒಂದು ಕಡೆ ಮಸುಕಾಗಿ ಬರುತ್ತಿತ್ತು, ಅದಕ್ಕೇ ಅದನ್ನು ಕನ್ನಡಿ ಹಾಗೆ ಸಾಣೆ ಹಿಡಿದಿರುತ್ತಾರೆ. ಐದು ಅಡಿ ಉದ್ದ, ಮೂರು ಅಡಿ ಅಗಲ. ಎತ್ತಲು ಆರು ಜನ ಬೇಕು, ಆದ್ದರಿಂದ ನೀವೇ ಬರಬೇಕು.

ಲೇಥ್ ಕಾಕಾ:
ಹೋಗು ತಮ್ಮಾ. ನಾಳೆಯೇ ಹೋಗು. ನಾನೂ ಬರುತ್ತೇನೆ, ಆ ಮೇಜು ನೋಡಬೇಕು.

ಆರ್ಗಾನ್ ಬಸ್ಯಾ:
ಭಾನುವಾರ ನಾನೂ ಖಾಲಿ. ಮಷೀನ್ ತರುತ್ತೇನೆ. ಮೇಜಿನ ಮೇಲೆ ಸ್ಪ್ಯಾಟರ್ (ಸಿಡಿದ ಬೆಸುಗೆಯ ಹನಿ) ಬೀಳದ ಹಾಗೆ ಒದ್ದೆ ಗೋಣಿಚೀಲ ಹಾಸೋಣ.

ಬೆಟಗೇರಿ ಪ್ರೆಸ್ಸು:
ಆ ಮಾತು ಅಪ್ಪನ ಮುಂದೆ ಹೇಳಬೇಡಿ. ಅಲ್ಲಿ ವೆಲ್ಡಿಂಗ್ ಮಾಡುತ್ತೇವೆ ಅಂತ ಅವರಿಗೆ ಇನ್ನೂ ಹೇಳಿಲ್ಲ. ಅಳತೆ ನೋಡುತ್ತಾರೆ ಅಂತ ಅಷ್ಟೇ ಹೇಳಿದ್ದೇನೆ.

ಟೂ ಸ್ಟ್ರೋಕ್ ಹುಚ್ಚ:
ಗದಗಿಗೆ ಹೋಗುತ್ತೀರಿ, ಸೈಲೆನ್ಸರ್ ಯಾವಾಗ?

ಗೋಕುಲ ರೋಡ್ ಶೆಡ್:
(ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ.)

ಹೋಗಿ ಬಂದೆವು. ಫ್ರೇಮ್ ಛೋಟಾ ಹಾತಿಯಲ್ಲಿ ಹಾಕಿಕೊಂಡು ಬೆಳಗ್ಗೆ ಆರಕ್ಕೆ ಬಿಟ್ಟೆವು. ಅಣ್ಣಿಗೇರಿಯಲ್ಲಿ ಚಹಾ. ಅಲ್ಲಿ ಒಬ್ಬರು ಫ್ರೇಮ್ ನೋಡಿ "ಇದು ಯಾವ ಬೆಳೆ ಬಿತ್ತುವ ಕೂರಿಗೆ?" ಅಂತ ಕೇಳಿದರು. ಕಾಕಾ "ಇನ್ನೂ ಗೊತ್ತಾಗಿಲ್ಲ" ಅಂದರು.

ಮೇಜು ನೋಡಿದ ಮೇಲೆ ನನಗೆ ನನ್ನ ನೆಲದ ಬಗ್ಗೆ ಅಳು ಬಂತು. ಕಾಕಾ ಎರಡು ಅಡಿ ಸ್ಟ್ರೇಟ್ ಎಡ್ಜ್ ಇಟ್ಟು ಹಿಂದೆ ಟಾರ್ಚ್ ಹಿಡಿದರು, ಬೆಳಕು ಎಲ್ಲೂ ಸೋರಲಿಲ್ಲ. ಹೆಡ್ ಪೈಪಿನ ಸುತ್ತ ನಾಲ್ಕೂ ಜಾಯಿಂಟ್ ಕತ್ತರಿಸಿದೆವು. ಗ್ರೈಂಡರ್ ನಾನೇ ಹಿಡಿದೆ. ಮೊದಲ ಕಿಡಿ ಹಾರುವವರೆಗೆ ಕಷ್ಟ, ಆಮೇಲೆ ಏನೂ ಅನ್ನಿಸಲಿಲ್ಲ. ಪಿವಟ್ ರಾಡನ್ನು ಎರಡು ವಿ ಬ್ಲಾಕಿನ ಮೇಲೆ ಕೂಡಿಸಿ, ಹೆಡ್ ಪೈಪಿಗೆ 24 ಡಿಗ್ರಿಯ ಆಧಾರ ಮಾಡಿ, ಮೇಜಿಗೆ ಸಿ ಕ್ಲಾಂಪ್‌ನಲ್ಲಿ ಬಿಗಿದೆವು. ಮುಖ್ಯ ಪೈಪ್ ಎರಡನ್ನು ಒಂದೂಕಾಲು ಇಂಚಿನದಕ್ಕೆ ಬದಲಿಸಿದೆ, ಫೈನಲ್ ಇಯರ್ ಹುಡುಗನಿಗೆ ಥ್ಯಾಂಕ್ಸ್. ಬಸ್ಯಾ ಅವರು ಆರ್ಗಾನ್ ಹಾಕಿದರು, ಒಂದಿಂಚು ಎಡಕ್ಕೆ, ಒಂದಿಂಚು ಬಲಕ್ಕೆ. ಎರಡು ಚಹಾ ಆಯ್ತು, ನಡುವೆ ಊಟವೂ ಆಯ್ತು. ಖಡಕ್ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಸಂಜೆ ಬಿಚ್ಚಿ ಗಾಲಿ ಹಾಕಿ ದಾರ ಎಳೆದರೆ ಒಂದೂವರೆ ಮಿ.ಮೀ. ಅಷ್ಟೇ.

ಬಂಕಾಪುರ ಚೌಕ ಮೆಕ್ಯಾನಿಕ್:
ಒಂದೂವರೆ ಅಂದರೆ ಟೈರ್ ಸೀಮ್‌ನ ಸೊಟ್ಟ ಅದಕ್ಕಿಂತ ಜಾಸ್ತಿ ಇರುತ್ತದೆ. ಬಿಡಿ, ಆಯ್ತು ಕೆಲಸ.

ಮೆಕ್ ಫೈನಲ್ ಇಯರ್:
ಟ್ರೇಲ್ (ಹೆಡ್ ಪೈಪಿನ ಗೆರೆ ನೆಲ ಮುಟ್ಟುವಲ್ಲಿಂದ ಮುಂದಿನ ಟೈರ್ ನೆಲ ಮುಟ್ಟುವವರೆಗಿನ ಅಂತರ) ಎಷ್ಟು ಬಂತು ಸರ್? 80/90-17 ಟೈರ್ ಆದರೆ ಗಾಲಿಯ ಅರ್ಧವ್ಯಾಸ 288 ಮಿ.ಮೀ. 24 ಡಿಗ್ರಿ, ಫೋರ್ಕ್ ಹಿಡಿಯುವ ಟೀ ಆಫ್‌ಸೆಟ್ 30 ಇದ್ದರೆ ಸುಮಾರು 95 ಬರಬೇಕು.

ಗೋಕುಲ ರೋಡ್ ಶೆಡ್:
ಹೌದು, ಗುಂಡು ಬಿಟ್ಟು ಅಳೆದರೆ 96. ಮೇಜಿನ ಮೇಲೆ ಅಳೆದದ್ದು, ನೆಲದ ಮೇಲಲ್ಲ. ನೆಲ ಅನ್ನುವ ಪದವೇ ಬೇಡ ಇನ್ನು.

ಬ್ಯಾಡಗಿ ಮೆಣಸಿನಕಾಯಿ:
ಎಂಜಿನ್ ಸ್ಟಾರ್ಟ್ ಆಯ್ತಾ?

ಗೋಕುಲ ರೋಡ್ ಶೆಡ್:
ನಿನ್ನೆ ಆಯ್ತು. ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಬೆರೆಸಿದ್ದೇನೆ, ಲೀಟರಿಗೆ 40 ಮಿ.ಲೀ. ಆರನೇ ಕಿಕ್ಕಿಗೆ ಹಿಡಿಯಿತು. ಮಾಳಿಗೆಯಲ್ಲಿ ಒಣಹಾಕಿದ್ದ ಹಪ್ಪಳಕ್ಕೆಲ್ಲ ಹೊಗೆ. ಅವ್ವ ಮಾತು ಬಿಟ್ಟಿದ್ದಾಳೆ.

ಹಳೇ ರೋಡ್‌ಕಿಂಗ್:
ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುತ್ತದೆ, ಅದಕ್ಕೇ ಕಾರ್ಬೊರೇಟರಿನ ಹಳೆಯ ಜೆಟ್ಟಿನಲ್ಲೇ (ಪೆಟ್ರೋಲ್ ಬಿಡುವ ಸಣ್ಣ ತೂತು) ಓಡಿಸಿದರೆ ಮಿಕ್ಸ್ಚರ್ ಲೀನ್ ಆಗುತ್ತದೆ, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಟೂ ಸ್ಟ್ರೋಕ್ ಲೀನ್ ಓಡಿದರೆ ಪಿಸ್ಟನ್ ಹೋಯಿತು ಅಂತ ತಿಳಿಯಿರಿ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪ್ಲಗ್ ಬಿಚ್ಚಿ ನೋಡಿ. ಬೆಲ್ಲದ ಬಣ್ಣ ಇರಬೇಕು. ಸುಣ್ಣದ ಬಣ್ಣ ಬಂದರೆ ನಿಲ್ಲಿಸಿ. ಕ್ರ್ಯಾಂಕ್ ಆಯಿಲ್ ಸೀಲ್ ಹಳೆಯದಿದ್ದರೆ ಅದನ್ನೂ ಬದಲಿಸಿ, ಅಲ್ಲಿಂದ ಗಾಳಿ ಎಳೆದರೂ ಇದೇ ಕಥೆ. ನನ್ನದು ಒಂದು ಸಲ ಗದಗ ರೋಡಿನಲ್ಲಿ ಸೀಜ್ ಆಗಿತ್ತು. ಕ್ಲಚ್ ಮೇಲೆ ಬೆರಳು ಇದ್ದದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ.

ಟೂ ಸ್ಟ್ರೋಕ್ ಹುಚ್ಚ:
ಸ್ಕ್ವಿಶ್ (ಪಿಸ್ಟನ್ ಮೇಲೆ ಬಂದಾಗ ಅಂಚಿನಲ್ಲಿ ಹೆಡ್ಡಿಗೂ ಅದಕ್ಕೂ ಉಳಿಯುವ ಸಂದು) ನೋಡಿದಿರಾ? ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ತೂರಿಸಿ ಸಿಲಿಂಡರ್ ಗೋಡೆಗೆ ತಾಗಿಸಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿ ವರ್ನಿಯರ್‌ನಲ್ಲಿ ಅಳೆಯಿರಿ. ಒಂದು ಮಿ.ಮೀ. ಹತ್ತಿರ ಇರಲಿ.

ಮತ್ತೆ ಚೇಂಬರ್ ಮಾಡಲು ಒಂದು ಉಪಾಯ. ಕೋನ್ ಸುತ್ತುವ ಗೋಜು ಬೇಡ. ಸಿಆರ್ ತಗಡಿನಲ್ಲಿ ಎರಡು ಒಂದೇ ಆಕಾರ ಕತ್ತರಿಸಿ, ಅಂಚು ಪೂರ್ತಿ ಬೆಸುಗೆ ಹಾಕಿ, ಒಂದು ನಿಪ್ಪಲ್ ಕೂಡಿಸಿ, ಗಾಡಿ ತೊಳೆಯುವ ವಾಟರ್ ಸರ್ವಿಸಿಂಗ್ ಅಂಗಡಿಗೆ ಹೋಗಿ ಪಂಪ್ ಹಚ್ಚಿ. ಪೂರಿ ಹಾಗೆ ಉಬ್ಬುತ್ತದೆ! ಒಳಗೆ ಪೂರ್ತಿ ನೀರು ತುಂಬಿ ಗಾಳಿ ಹೊರಗೆ ಹಾಕಿದ ಮೇಲೆ ಮಾತ್ರ ಪ್ರೆಷರ್ ಕೊಡಿ. ನೀರಿದ್ದರೆ ಬೆಸುಗೆ ಬಿಟ್ಟರೂ ಬರೀ ಚಿಮ್ಮುತ್ತದೆ, ಗಾಳಿ ಇದ್ದರೆ ಸಿಡಿಯುತ್ತದೆ.

ಲೇಥ್ ಕಾಕಾ:
ಇವತ್ತು ಮೊದಲ ಸಲ ಹುಚ್ಚ ಕೆಲಸದ ಮಾತು ಹೇಳಿದ.

ಲೈನ್ ಬಜಾರ್:
ಓಡಿಸುವುದು ಎಲ್ಲಿ? ಕೊಯಮತ್ತೂರು, ಚೆನ್ನೈ ಬಿಟ್ಟರೆ ಹತ್ತಿರ ಏನಿದೆ? ಚೆನ್ನೈ ಟ್ರ್ಯಾಕ್ 3.7 ಕಿ.ಮೀ. ಇದೆ, 98 ಸಿಸಿಗೆ ಅದು ಸಮುದ್ರ.

ಕಲಂ ಬಲ್ಲವ:
ರೇಸಿಗೆ ಇಳಿಯಲು ದೇಶದ ಮೋಟಾರ್ ರೇಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಪ್ರೊ ಸ್ಟಾಕ್ 165 ಸಿಸಿ ಅಂಥ ವರ್ಗಕ್ಕೆ ಕಂಪನಿ ಫ್ರೇಮ್ ಬೇಕು, ಮನೆಯಲ್ಲಿ ಕಟ್ಟಿದ್ದು ನಡೆಯುವುದಿಲ್ಲ. ಡ್ರ್ಯಾಗ್ ರೇಸಿನಲ್ಲಿ 130 ಸಿಸಿ ಒಳಗಿನ ಟೂ ಸ್ಟ್ರೋಕ್ ವರ್ಗ ಇದೆ, ಅಲ್ಲಿ ವಿಚಾರಿಸಿ.

ಆರ್ಗಾನ್ ಬಸ್ಯಾ:
ಕೊಲ್ಹಾಪುರದಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ, ಇಲ್ಲಿಂದ ಇನ್ನೂರು ಕಿ.ಮೀ. ಚಿಲ್ಲರೆ. ಸಣ್ಣ ಗಾಡಿಗೆ ಅದೇ ಸರಿ. ಫೋನ್ ಮಾಡಿ ಕೇಳಿ, ಬೈಕ್ ಬಿಡುತ್ತಾರಾ ಅಂತ.

ಬ್ಯಾಡಗಿ ಮೆಣಸಿನಕಾಯಿ:
ಮೊದಲು ಬ್ರೇಕ್ ಪರೀಕ್ಷೆಗೆ ನಮ್ಮ ಹೊಲಕ್ಕೆ ಬನ್ನಿ. ಶೇಂಗಾ ಕಿತ್ತಾಗಿದೆ. ಮಸಾರಿ ನೆಲ, ಎರೆ ಅಲ್ಲ. ಎರೆ ಹೊಲದ ಬಿರುಕಿನಲ್ಲಿ ಮುಂದಿನ ಗಾಲಿ ಸಿಕ್ಕಿಕೊಂಡರೆ ರೈಡರ್ ಒಬ್ಬನೇ ಮುಂದೆ ಹೋಗುತ್ತಾನೆ. ಹೆಲ್ಮೆಟ್, ಗ್ಲೌಸ್, ಬೂಟು ಇಲ್ಲದೆ ಬಂದರೆ ಗೇಟಿನಿಂದಲೇ ವಾಪಸ್.

ಗೋಕುಲ ರೋಡ್ ಶೆಡ್:
ಬರುತ್ತೇನೆ ಅಣ್ಣಾ, ಮುಂದಿನ ಭಾನುವಾರ. ಚೇಂಬರ್ ಉಬ್ಬಿಸಿದ ಮೇಲೆ.

ಉಣಕಲ್ ಕೆರೆ ದಂಡೆ:
ನಾನೂ ಬರಬಹುದಾ? ಆರ್15 ತರುವುದಿಲ್ಲ.

ಬೆಟಗೇರಿ ಪ್ರೆಸ್ಸು:
ಎಲ್ಲರೂ ಬ್ಯಾಡಗಿಗೆ ಹೋಗುವ ಮೊದಲು ಒಬ್ಬರು ಬೆಟಗೇರಿಗೆ ಬನ್ನಿ. ಅಪ್ಪ ಇವತ್ತು ಗೋಣಿಚೀಲ ಎತ್ತಿ ನೋಡಿದರು. ಮೇಜಿನ ಮೇಲೆ ಏಳು ಸ್ಪ್ಯಾಟರ್ ಎಣಿಸಿದ್ದಾರೆ. ಬೈಯಲಿಲ್ಲ, ಅದೇ ಹೆದರಿಕೆ. ಎಣ್ಣೆ ಮತ್ತು ಸಾಣೆಕಲ್ಲು ತಂದು ಪಕ್ಕದಲ್ಲಿ ಇಟ್ಟು "ಆ ಬಸ್ಯಾ ಅನ್ನುವವರು ಯಾವಾಗ ಬರುತ್ತಾರೆ?" ಅಂತ ಕೇಳುತ್ತಿದ್ದಾರೆ.